ನಿಂಬೆಹಣ್ಣಿನ ಮೇಲೆ ಹತ್ತಿಸಿದ ಕಾರು

ಕಾಪೆಲ್ಲೆ ಆನ್ ಡೆನ್ ಐಸೆಲ್
24 ಫೆಬ್ರವರಿ 2021

ಪ್ರಿಯ ದಿವಾಕರ,

ಹನ್ನೊಂದು ದಿನದಿಂದ ನಿನ್ನ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿದೆ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ದಾವಣಗೆರೆ ಹಾಸ್ಟೆಲ್ ಬಿಟ್ಟ ಮೇಲೆ ನಾನು ಯಾರಿಗೂ ಕೈಯಲ್ಲಿ ಬರೆದದ್ದಿಲ್ಲ. ಅಕ್ಷರ ಕೋಳಿ ಕೆದರಿದಂತಿದ್ದರೆ ಬೈಯಬೇಡ.

ಊರ್ಮಿಳಾ ಅವರ ಎಡ ಮಂಡಿಗೆ ಎರಡನೇ ಆಪರೇಷನ್ ಆಯಿತೆಂದು ನನ್ನ ಹೆಂಡತಿ ಶ್ರಾವ್ಯ ಹೇಳಿದಳು. ಆಸ್ಪತ್ರೆಯಲ್ಲಿ ದಿನಕ್ಕೆ ಒಬ್ಬರನ್ನೇ ಬಿಡುತ್ತಾರಂತೆ, ಆ ಒಬ್ಬ ಗಂಡನಾದ ನೀನೇ ಇರಬೇಕು. ನಾವು ಭಾನುವಾರ ವೂರ್‌ಬರ್ಗ್‌ಗೆ ಬಂದು ಸಾರಿನ ಡಬ್ಬಿ ನಿನ್ನ ಬಾಗಿಲಲ್ಲಿಟ್ಟು ಬೆಲ್ ಒತ್ತಿ ದೂರ ನಿಂತಿದ್ದೆವು. ನೀನು ಬಾಗಿಲು ತೆಗೆದು, ಡಬ್ಬಿ ನೋಡಿ, ನಮ್ಮನ್ನೂ ನೋಡಿ, ಡಬ್ಬಿಯನ್ನಷ್ಟೇ ಒಳಗೆ ತೆಗೆದುಕೊಂಡೆ. ಕೊರೋನಾ ಕಾಲ, ದೂರ ನಿಲ್ಲುವುದೇ ಮರ್ಯಾದೆ ಎಂದು ಶ್ರಾವ್ಯಳಿಗೆ ಸಮಾಧಾನ ಹೇಳಿದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಖಾಲಿ ಬಿದ್ದ ಪಾರ್ಕಿಂಗ್ ಜಾಗದಲ್ಲಿ ಊರ್ಮಿಳಾ ಅವರಿಗೆ ಸೈಕಲ್ ಕಲಿಸಿದ್ದು ನೆನಪಾಗುತ್ತಿದೆ. ಮೂವತ್ತೇಳು ವರ್ಷಕ್ಕೆ ಮೊದಲ ಸಲ ಸೈಕಲ್ ಹತ್ತಿದವರು. ನೀನು ಎರಡೇ ಸುತ್ತಿಗೆ ಸುಸ್ತಾಗಿ ಕೂತೆ, ಕ್ಯಾರಿಯರ್ ಹಿಡಿದು ಓಡಿದವನು ನಾನು. "ಹಿಡ್ಕಂಡೀನಿ, ಹಿಡ್ಕಂಡೀನಿ" ಅಂತ ಕೂಗುತ್ತಲೇ ಕೈ ಬಿಟ್ಟಿದ್ದೆ. ಅವರು ಆ ತುದಿ ಮುಟ್ಟಿ ತಿರುಗಿ ನೋಡಿದಾಗ ಅವರ ಮುಖದಲ್ಲಿದ್ದ ಖುಷಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ಮಾತು ಮನಸ್ಸಿಗೆ ತಂದುಕೊ. ನಿನ್ನ ಕಾರಿಗೆ ಅಪಘಾತವಾದ ಆ ವಾರ ಈ ಡಚ್ಚರ ದೇಶದಲ್ಲಿ ಜಾರದವರೇ ಇಲ್ಲ. ಇಲ್ಲೇ ಹುಟ್ಟಿ ಬೆಳೆದವರ ಕಾರುಗಳೇ ಹಳ್ಳಕ್ಕೆ ಬಿದ್ದಿದ್ದವು. ತಪ್ಪು ಮಂಜುಗಡ್ಡೆಯದು, ನಿನ್ನದಲ್ಲ.

ಎಂದಿನಂತೆ ನಿನ್ನವನೇ ಆದ
ನರಹರಿ


ವೂರ್‌ಬರ್ಗ್
20 ಮಾರ್ಚ್ 2021

ನರಹರಿ,

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಊರ್ಮಿಳಾ ಮನೆಗೆ ಬಂದಿದ್ದಾಳೆ. ಮೆಟ್ಟಿಲು ಹತ್ತಲಾಗುವುದಿಲ್ಲವಾದ್ದರಿಂದ ಹಾಲ್‌ನಲ್ಲೇ ಮಂಚ ಹಾಕಿದ್ದೇನೆ. ನಾನೂ ಅಲ್ಲೇ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸ್ ಕೆಲಸ ಮಾಡುತ್ತೇನೆ. ಇಡೀ ದಿನ ಒಂದೇ ಕೋಣೆಯಲ್ಲಿದ್ದೂ ನಾವಾಡುವ ಮಾತು ಹತ್ತು ಇರಬಹುದು. "ಮಾತ್ರೆ ಕೊಡಿ." "ಕಿಟಕಿ ಹಾಕಿ." "ಲೋಟ ತಗೊಂಡು ಹೋಗಿ." ಬೈದರೆ ಎಷ್ಟೋ ವಾಸಿ.

ಆ ಕಾರು ಬೇಡ ಎಂದು ಅವಳು ಮೊದಲೇ ಹೇಳಿದ್ದಳು, ನಿನಗೂ ಗೊತ್ತು. "ಮುನ್ನೂರು ಕುದುರೆ ಕಟ್ಕೊಂಡು ಎಲ್ಲಿಗ್ರೀ ಹೋಗ್ತೀರಾ, ಆಫೀಸೇ ಮುಚ್ಚಿದೆ" ಅಂದಿದ್ದಳು. ನಾನು ಕೇಳಲಿಲ್ಲ. ನಲವತ್ತಕ್ಕೆ ಮೊದಲು ಒಂದು ಸ್ಪೋರ್ಟ್ಸ್ ಕಾರು ಓಡಿಸಬೇಕೆಂಬ ಹಾಸ್ಟೆಲ್ ಕಾಲದ ಹುಚ್ಚು ನನಗೆ.

ಅವತ್ತು ನಡೆದದ್ದನ್ನು ಬರೆಯುತ್ತೇನೆ, ಯಾರಿಗೂ ಹೇಳಿಲ್ಲ. ಫೆಬ್ರವರಿ ಹದಿಮೂರನೇ ತಾರೀಖು ಶನಿವಾರ. ಕಾಲುವೆ ಹೆಪ್ಪುಗಟ್ಟಿದೆ, ಜನ ಸ್ಕೇಟಿಂಗ್ ಮಾಡುತ್ತಿದ್ದಾರೆ, ನೋಡಿಕೊಂಡು ಬರೋಣ ಎಂದವನು ನಾನೇ. ಅವಳು ಮಕ್ಕಳ ಹಾಗೆ ಖುಷಿಪಟ್ಟಳು. ವಾಪಸು ಬರುವಾಗ ಇನ್ನೂ ಬೆಳಕಿತ್ತು. ಮಂಜು ಕರಗಲೆಂದು ಹೆದ್ದಾರಿಗೆ ಉಪ್ಪು ಹಾಕಿದ್ದರು, ಕಾಲುವೆ ಏರಿಯ ಸಣ್ಣ ರಸ್ತೆಗೆ ಹಾಕಿರಲಿಲ್ಲ. ತಿರುವಿನಲ್ಲಿ ನಲವತ್ತರಲ್ಲಿದ್ದೆ, ಆಣೆ ಮಾಡಿ ಹೇಳುತ್ತೇನೆ, ನಲವತ್ತೇ. ತಿರುವು ಮುಗಿಯುವ ಮುಂಚೆ ಆಕ್ಸಲರೇಟರ್ ಸ್ವಲ್ಪ ಒತ್ತಿದೆ. ಹಿಂದುಗಡೆ ಯಾರೋ ಕಾರನ್ನು ಎತ್ತಿ ಪಕ್ಕಕ್ಕಿಟ್ಟಂತಾಯಿತು. ಆಮೇಲೆ ಮರ.

ಇನ್ಶೂರೆನ್ಸಿನವನು ಫೋನಿನಲ್ಲಿ ಯಾವ ಟೈರು ಎಂದು ಕೇಳಿದ. ಹೊಸದು, ಒಳ್ಳೇ ಟೈರು ಅಂದೆ. ಅವನು "ಹ್ಮ್" ಎಂದು ಏನೋ ಬರೆದುಕೊಂಡ.

ನೀನು ಟೈರಿನ ಅಂಗಡಿಯಲ್ಲೇ ಹುಟ್ಟಿದವನು. ನೀನೇ ಹೇಳು, ನಾನು ಮಾಡಿದ ತಪ್ಪೇನು?

ದಿವಾಕರ


ಕಾಪೆಲ್ಲೆ
11 ಏಪ್ರಿಲ್ 2021

ಪ್ರಿಯ ದಿವಾಕರ,

ನಾಡಿದ್ದು ಯುಗಾದಿ. ಬೇವಿನ ಸೊಪ್ಪು ದ ಹೇಗ್‌ನ ಇಂಡಿಯನ್ ಅಂಗಡಿಯಲ್ಲೂ ಸಿಗಲಿಲ್ಲ. ಈ ವರ್ಷ ಅದಿಲ್ಲದೆಯೂ ನಡೆಯುತ್ತದೆ ಅಂದಳು ಶ್ರಾವ್ಯ.

ನೀನು ಕೇಳಿದ ಪ್ರಶ್ನೆಗೆ ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು.

ನಿನ್ನ ಕಾರಿಗೆ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಚಳಿಯಲ್ಲಿ ಅಂಥ ಕಾರಿನ ಬ್ರೇಕನ್ನು ತಿರುವಿಗೆ ಮುಂಚೆಯೇ, ನೆಟ್ಟಗಿರುವಾಗಲೇ ಒತ್ತಿ ಮುಗಿಸಬೇಕು. ತಿರುವಿನೊಳಗೆ ಕಾಲು ಏನೂ ಮಾಡಬಾರದು. ಚಕ್ರ ಪೂರ್ತಿ ನೇರವಾದ ಮೇಲೆಯೇ ಆಕ್ಸಲರೇಟರ್, ಅದೂ ಹಸಿ ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ. ಹಿಂಭಾಗ ಜಾರಲು ಶುರುವಾದರೆ ಗಾಬರಿಯಲ್ಲಿ ಬ್ರೇಕ್ ತುಳಿಯದೆ ಕಾಲು ಮೆಲ್ಲಗೆ ತೆಗೆದು, ಹೋಗಬೇಕಾದ ಕಡೆಗೇ ಕಣ್ಣಿಟ್ಟು ಸ್ಟೀರಿಂಗ್ ತಿರುಗಿಸಬೇಕು. ಮುಂದಿನ ಗಾಡಿಗೂ ನಿನಗೂ ನಡುವೆ ಎಂದಿನ ಮೂರರಷ್ಟು ಜಾಗ ಬೇಕು. ಚಳಿಗೆ ಗಾಳಿ ಇಳಿಯುತ್ತದೆ, ಟೈರಿನ ಗಾಳಿಯನ್ನು ಎರಡು ವಾರಕ್ಕೊಮ್ಮೆ ನೋಡಿಸಬೇಕು.

ಬರೆದದ್ದನ್ನು ಓದಿಕೊಂಡೆ. ಡ್ರೈವಿಂಗ್ ಸ್ಕೂಲಿನ ಮಾಸ್ತರನ ಹಾಗಿದೆ. ಆಣೆ ಮಾಡಿ ನಲವತ್ತು ಎಂದು ಹೇಳಿದ ನಿನಗೆ ನಾನು ಪಾಠ ಹೇಳುತ್ತಿದ್ದೇನೆ. ನಲವತ್ತು ಜಾಸ್ತಿಯೇನಲ್ಲ ದಿವಾಕರ. ಅಷ್ಟನ್ನು ಆ ತಿರುವು ತಡೆದುಕೊಳ್ಳಬೇಕಿತ್ತು.

ಹೇಳಬೇಕಾದ ವಿಷಯ ಇನ್ನೊಂದಿದೆ. ಇವತ್ತು ಕೈ ಬರುತ್ತಿಲ್ಲ. ಊರ್ಮಿಳಾ ಅವರಿಗೆ ನಮ್ಮಿಬ್ಬರ ಶುಭಾಶಯ ತಿಳಿಸು, ಅವರಿಗೆ ಬೇಕಿದ್ದರೆ.

ನಿನ್ನ
ನರಹರಿ


ಕಾಪೆಲ್ಲೆ
14 ಅಕ್ಟೋಬರ್ 2021, ಆಯುಧಪೂಜೆ

ಪ್ರಿಯ ದಿವಾಕರ,

ನೀನು ಏಪ್ರಿಲ್‌ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆಯದೆ ಇದ್ದದ್ದು ಒಳ್ಳೆಯದೇ ಆಯಿತೆಂದು ಆರು ತಿಂಗಳು ಹಾಯಾಗಿದ್ದೆ ಎಂದು ಹೇಳಿದರೆ ನಂಬುತ್ತೀಯಾ? ನಂಬು. ನಾನು ಅಂಥವನೇ.

ಮೊನ್ನೆ ಶನಿವಾರ ದ ಹೇಗ್‌ನ ಅಂಗಡಿಯಲ್ಲಿ ಊರ್ಮಿಳಾ ಸಿಕ್ಕಿದರು. ಕೈಯಲ್ಲಿ ಊರುಗೋಲು. ಮೇಲಿನ ಶೆಲ್ಫಿನ ಹುಣಸೆಹಣ್ಣನ್ನು ತೆಗೆದುಕೊಟ್ಟೆ. ಸಂಕ್ರಾಂತಿಗೆ ಮೈಸೂರಿಗೆ ಹೊರಡುತ್ತಿದ್ದೇನೆ, ಒಬ್ಬಳೇ, ವಾಪಸು ಬರುವುದು ಗೊತ್ತಿಲ್ಲ ಅಂದರು. ಆಮೇಲೆ ನಿಂತಲ್ಲೇ ಕೇಳಿದರು: "ನರಹರಿ, ಕಾರು ತಗೊಳೋ ದಿನ ನೀವಿದ್ರಲ್ಲ. ನೀವು ನೋಡಿ ಎಲ್ಲ ಸರಿಯಿದೆ ಅಂದ್ರಿ. ಹಾಗಾದ್ರೆ ಇವರು ಓಡಿಸಿದ್ದೇ ತಪ್ಪು ಅಲ್ವಾ?"

ನಾನು ತಲೆಯಾಡಿಸಿದೆ ದಿವಾಕರ. ಹೌದು ಎನ್ನುವಂತೆ ತಲೆಯಾಡಿಸಿ, ಸಾಮಾನು ಬಿಟ್ಟು, ಟ್ರಾಮ್ ಬಂತು ಎಂದು ಸುಳ್ಳು ಹೇಳಿ ಓಡಿಬಂದೆ.

ಈಗ ಹೇಳುತ್ತೇನೆ. ಹೋದ ವರ್ಷ ಆಯುಧಪೂಜೆಯ ಹಿಂದಿನ ದಿನ, ಇಲ್ಲೇ ನಮ್ಮ ಮನೆ ಹತ್ತಿರದ ಗ್ಯಾರೇಜು. ಹದಿನೈದು ಡಿಗ್ರಿ, ಹಿತವಾದ ಬಿಸಿಲು. ನಾನು ನಮ್ಮಪ್ಪನ ಹಾಗೆ ಹೆಬ್ಬೆರಳಿನ ಉಗುರನ್ನು ಟೈರಿನ ಗೀರಿಗೆ ಇಳಿಸಿ ನೋಡಿದೆ. ಉಗುರು ಪೂರ್ತಿ ಮುಳುಗಿತು. ಆಗ ಆ ಗ್ಯಾರೇಜಿನ ಮುದುಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದೇ ರಬ್ಬರನ್ನು ಒತ್ತುತ್ತ, ಡಚ್‌ನಲ್ಲಿ ನನಗೆ ಹೇಳಿದ್ದು ಇದು: "ಆಳ ನೋಡಿ ಮೋಸಹೋಗಬೇಡ. ಇದು ಬೇಸಿಗೆಯ ರಬ್ಬರು. ಏಳು ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿಬಿಡುತ್ತದೆ, ರಸ್ತೆ ಹಿಡಿಯುವುದಿಲ್ಲ. ಇಷ್ಟು ಬಲದ ಕಾರು ಹಿಂದಿನಿಂದ ತಿರುಗಿಬಿಡುತ್ತದೆ. ಚಳಿಗಾಲದ ಟೈರು ಹಾಕಿಸಬೇಕು, ನಾಲ್ಕಕ್ಕೂ, ಪಕ್ಕದಲ್ಲಿ ಬೆಟ್ಟ ಮತ್ತು ಹಿಮದ ಚಿತ್ರದ ಗುರುತಿರುವುದೇ ಆಗಬೇಕು. ಇಲ್ಲಿ ಕಾನೂನು ಕೇಳುವುದಿಲ್ಲ, ಆದರೆ ರಸ್ತೆ ಕೇಳುತ್ತದೆ. ನಿನ್ನ ಸ್ನೇಹಿತನಿಗೆ ಇದನ್ನು ಹೇಳು." ಒಳಗಿದ್ದ ಒಂದು ಸೆಟ್ಟನ್ನೂ ತೋರಿಸಿದ.

"ಏನಂತೆ?" ಅಂತ ನೀನು ಕೇಳಿದೆ.

"ಏನಿಲ್ಲಲೇ. ಇನ್ನೊಂದು ಸೆಟ್ ಟೈರ್ ತಗಲಿಸಾಕೆ ನೋಡ್ತಾನೆ. ಇದು ಮೂರು ವರ್ಷ ಆರಾಮ್ ಓಡ್ತತಿ" ಅಂದೆ.

ಯಾಕೆ ಹಾಗಂದೆ ಎಂದು ಅಪಘಾತವಾದಂದಿನಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮಪ್ಪನ ಮಹಾಬಲೇಶ್ವರ ರಿಸೋಲಿಂಗ್ ವರ್ಕ್ಸ್‌ನಲ್ಲಿ ಟೈರು ಸಾಯುವುದು ಬಿಸಿಲಿಗೆ. ಚಳಿಗೆ ಸತ್ತ ಟೈರನ್ನು ಅಪ್ಪ ಜೀವಮಾನದಲ್ಲಿ ನೋಡಿಲ್ಲ, ನಾನೂ ನೋಡಿರಲಿಲ್ಲ. ಇದು ಅರ್ಧ ಉತ್ತರ. ಇನ್ನರ್ಧಕ್ಕೆ ನಾಚಿಕೆಯಾಗುತ್ತದೆ. ಈ ದೇಶಕ್ಕೆ ಬಂದು ಏಳು ವರ್ಷ ಎಲ್ಲರೂ ನನ್ನನ್ನು ತಿದ್ದಿದ್ದಾರೆ. ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಕಸ ಎಸೆಯುವ ಕಡೆ. ಟೈರು ಒಂದೇ ನನಗೆ ಗೊತ್ತಿದ್ದ ವಿಷಯ. ಅದರಲ್ಲೂ ಒಬ್ಬ ಮುದುಕ, ನಿನ್ನ ಮತ್ತು ಊರ್ಮಿಳಾ ಅವರ ಮುಂದೆ, "ನಿನಗೆ ಗೊತ್ತಿಲ್ಲ" ಎಂದುಬಿಟ್ಟ. ನಿನಗೆ ಡಚ್ ಬಾರದು ಎಂಬುದು ನನಗೆ ಅನುಕೂಲವಾಯಿತು. ಅವನ ಮಾತನ್ನು ನಾನು ನಿನಗೆ ದಾಟಿಸಲೇ ಇಲ್ಲ.

ಮಾರನೆಯ ದಿನ ಊರ್ಮಿಳಾ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದರು. ನಾಲ್ಕು ನಿಂಬೆಹಣ್ಣು ತಂದು ಚಕ್ರದ ಕೆಳಗಿಟ್ಟವನು ನಾನು. ನೀನು ಅವುಗಳ ಮೇಲೆ ಕಾರು ಹತ್ತಿಸಿದೆ, ನಾವೆಲ್ಲ ಚಪ್ಪಾಳೆ ಹೊಡೆದೆವು. ಇವತ್ತು ಶ್ರಾವ್ಯ ನಮ್ಮ ಕಾರಿಗೆ ಪೂಜೆ ಮಾಡಿ ನಿಂಬೆಹಣ್ಣು ಕೊಟ್ಟಳು. ಇಡಲಾಗಲಿಲ್ಲ. ಅಡುಗೆಮನೆಯಲ್ಲೇ ಇವೆ.

ತಪ್ಪು ನಿನ್ನ ಕಾಲಿನದಲ್ಲ. ನಿನ್ನ ಕಾರು ಜಾರಿದ್ದು ನನ್ನ ಬಾಯಿಂದ. ಇದನ್ನು ಊರ್ಮಿಳಾ ಅವರಿಗೆ ತೋರಿಸು. ಅವರು ನಿನ್ನ ಮೇಲೆ ಹೊರಿಸಿರುವುದು ನನ್ನ ಹೊರೆ. ಕ್ಷಮೆ ಕೇಳುವ ಮುಖ ಇಲ್ಲ, ಆದರೂ ಕೇಳುತ್ತೇನೆ.

ನರಹರಿ


ವೂರ್‌ಬರ್ಗ್
30 ಅಕ್ಟೋಬರ್ 2021

ನರಹರಿ,

ಮೊದಲ ದಿನ ನಿನ್ನ ಕಾಗದವನ್ನು ಮುದ್ದೆ ಮಾಡಿ ಎಸೆದೆ. ಎರಡನೇ ದಿನ ಬುಟ್ಟಿಯಿಂದ ತೆಗೆದು ಇಸ್ತ್ರಿ ಮಾಡಿದ ಹಾಗೆ ತಿಕ್ಕಿ ನೇರ ಮಾಡಿದೆ. ಕಾಪೆಲ್ಲೆಗೆ ಬಂದು ನಿನ್ನ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತ್ತು. ಬರಲು ನಾನು ಕಾರು ಮುಟ್ಟುವುದಿಲ್ಲವಲ್ಲ. ರಿಪೇರಿಯಾಗಿ ಬಂದದ್ದು ಮೇಯಲ್ಲೇ, ಅಂದಿನಿಂದ ಹೊದಿಕೆ ಹಾಕಿಕೊಂಡು ನಿಂತಿದೆ.

ಎಂಟು ತಿಂಗಳು, ಲೋ. ನಾನು ಎಂಟು ತಿಂಗಳು ಕಣ್ಣು ಮುಚ್ಚಿದರೆ ನನ್ನ ಬಲಗಾಲೇ ಕಾಣುತ್ತಿತ್ತು. ನೀನು ಕೂತು ನನಗೆ ಮೊಟ್ಟೆಯ ಪಾಠ ಬರೆದೆ.

ಈಗ ನನ್ನ ಮಾತು. ಅವತ್ತು ಮುದುಕನ ಬಾಯಲ್ಲಿ "ವಿಂಟರ್" ಎಂದು ನಾಲ್ಕೈದು ಸಲ ಬಂತು. ಅದು ಅರ್ಥವಾಗಲು ಯಾವ ಡಚ್ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ಅವನು ಕೈಯಿಂದ ಕಾರಿನ ಹಿಂಭಾಗ ಗಿರಕಿ ಹೊಡೆಯುವುದನ್ನೂ ತೋರಿಸಿದ. ಒಳಗಿದ್ದ ಆ ಟೈರಿನ ಸೆಟ್ಟನ್ನೂ ನಾನು ನೋಡಿದೆ. ಸಣ್ಣ ರಿಮ್, ದಪ್ಪ ರಬ್ಬರು. ನನ್ನ ಕಾರಿಗೆ ಅದನ್ನು ಹಾಕಿದರೆ ಮದುಮಗನಿಗೆ ಹವಾಯಿ ಚಪ್ಪಲಿ ಹಾಕಿದಂತೆ ಅಂದುಕೊಂಡೆ. ನಿನ್ನನ್ನು "ಏನಂತೆ" ಎಂದು ಕೇಳಿದಾಗ ನೀನು ಏನಿಲ್ಲ ಅನ್ನಲಿ ಎಂದೇ ಕೇಳಿದ್ದು. ನೀನು ಅಂದೆ. ಮತ್ತೆ ಕೇಳಲಿಲ್ಲ ನಾನು.

ಇದನ್ನು ಊರ್ಮಿಳಾಗೆ ಹೇಳಿ, ನಿನ್ನ ಕಾಗದವನ್ನೂ ಕೊಟ್ಟೆ. ಊರುಗೋಲು ಬಿಟ್ಟು ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ಓದಿದಳು. ಮಡಿಸಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಮೂರು ದಿನವಾಯಿತು. ಈಗ ಆ ಹತ್ತು ಮಾತೂ ಇಲ್ಲ.

ನೀನು ಸದ್ಯ ಇತ್ತ ಬರಬೇಡ.

ದಿವಾಕರ


ವೂರ್‌ಬರ್ಗ್
14 ನವೆಂಬರ್ 2021

ನರಹರಿಯವರೇ,

ನಿಮ್ಮ ಕಾಗದಗಳನ್ನೆಲ್ಲ ಇವರು ನನ್ನ ಮುಂದೆ ತಂದಿಟ್ಟರು. ತಾವು ಬರೆದದ್ದನ್ನು ನೆನಪಿದ್ದಷ್ಟು ಬಾಯಲ್ಲಿ ಹೇಳಿದರು. ತಪ್ಪನ್ನು ನನ್ನದು ನನ್ನದು ಎಂದು ಇಬ್ಬರೂ ಎಳೆದಾಡಿದ್ದೀರಿ, ಒಳ್ಳೆಯ ಸ್ನೇಹಿತರು. ಟೈರಿನ ವಿಷಯ ಪುಟಗಟ್ಟಲೆ ಇದೆ. ಬೇಸಿಗೆಯ ರಬ್ಬರು ಎಷ್ಟು ಡಿಗ್ರಿಗೆ ಗಟ್ಟಿಯಾಗುತ್ತದೆ ಎಂದು ಈಗ ನನಗೂ ಗೊತ್ತು. ನನ್ನ ಮಂಡಿ ಎಷ್ಟು ಮಡಚುತ್ತದೆ ಎಂದು ಮಾತ್ರ ಇಬ್ಬರಲ್ಲಿ ಒಬ್ಬರೂ ಕೇಳಿಲ್ಲ.

ಎಂಬತ್ತೈದು ಡಿಗ್ರಿ. ಪೆಡಲ್ ಒಂದು ಸುತ್ತು ತಿರುಗಿಸಲು ನೂರಹತ್ತು ಬೇಕಂತೆ. ಫಿಸಿಯೋಥೆರಪಿಯವಳು ಜೂನ್‌ವರೆಗೆ "ಆಗುತ್ತೆ" ಅನ್ನುತ್ತಿದ್ದಳು. ಸೆಪ್ಟೆಂಬರ್‌ನಿಂದ "ನೋಡೋಣ" ಅನ್ನುತ್ತಾಳೆ. ನಾನು ಭಾನುವಾರ ಬೆಳಿಗ್ಗೆ ಒಬ್ಬಳೇ ಸಮುದ್ರದ ತನಕ ಸೈಕಲ್ ಹೊಡೆದು, ಮರಳಿನಲ್ಲಿ ಕೂತು ಒಂದು ಕಿತ್ತಳೆಹಣ್ಣು ತಿಂದು ಬರುತ್ತಿದ್ದೆ. ಯಾರನ್ನೂ ಕೇಳಬೇಕಿರಲಿಲ್ಲ, ಯಾರಿಗೂ ಕಾಯಬೇಕಿರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಹಾಗೆ ಹೋಗಿದ್ದೆ. ಹತ್ತು ತಿಂಗಳು ಅಷ್ಟೇ ಸಿಕ್ಕಿತು. ನಾನು ಕಳೆದುಕೊಂಡದ್ದು ಅದು. ನೀವಿಬ್ಬರೂ ಕ್ಷಮೆ ಕೇಳುವಾಗ ಯಾವುದಕ್ಕೆ ಕೇಳುತ್ತಿದ್ದೀರಿ ಎಂದು ತಿಳಿದಿರಲಿ ಅಂತ ಬರೆದೆ.

ಸಿಟ್ಟು ಇದೆ. ಇವರ ಮೇಲೂ ಇದೆ, ನಿಮ್ಮ ಮೇಲೂ. ಸಂಕ್ರಾಂತಿಯ ಟಿಕೆಟ್ಟನ್ನು ನಾನು ರದ್ದು ಮಾಡಿಲ್ಲ. ಮಾಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಕೇಳಬೇಡಿ. ಆದರೆ ಮೊನ್ನೆ ಇವರೇ ಸಮುದ್ರದ ಕಡೆ ಹೋಗುವ ಟ್ರಾಮ್ ಹತ್ತಿಸಿ ಕರೆದುಕೊಂಡು ಹೋದರು. ಒಂದು ಕಿತ್ತಳೆಹಣ್ಣನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಈಗ ನಿಮಗೊಂದು ಕೆಲಸ. ಕಾರನ್ನು ಮಾರುತ್ತಿದ್ದೇವೆ. ಕೊಳ್ಳುತ್ತಿರುವವಳು ತನುಶ್ರೀ, ತುಮಕೂರಿನ ಕಡೆಯವಳು, ಈ ದೇಶಕ್ಕೆ ಬಂದು ಇನ್ನೂ ಐದು ತಿಂಗಳಾಗಿಲ್ಲ. ಅಪಘಾತವಾದದ್ದನ್ನು ಹೇಳಿದೆ. ಆದರೂ ಅವಳಿಗೆ ಅದರ ಮೇಲೆ ಇವರಿಗಿದ್ದಷ್ಟೇ ಹುಚ್ಚು. ಬರುವ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬರುತ್ತಾಳೆ. ಆ ಗ್ಯಾರೇಜಿನ ಮುದುಕರ ಹತ್ತಿರ ಅದೇ ಸಣ್ಣ ಚಕ್ರಗಳ ಸೆಟ್ಟು ಇನ್ನೂ ಇತ್ತು. ಇವರು ತರಿಸಿದ್ದಾರೆ, ಕಾರಿನ ಜೊತೆ ಅದನ್ನೂ ಕೊಡುತ್ತೇವೆ. ಅವಳು ಫೋಟೋ ನೋಡಿ, "ಅಕ್ಕಾ, ಇದು ಚೆನ್ನಾಗಿ ಕಾಣಲ್ಲ, ಇರೋ ಟೈರೇ ಹೊಸದಿದೆಯಲ್ಲ" ಅಂದಳು. ಅದನ್ನು ಕೇಳಿ ಇವರು ಎದ್ದು ಹೊರಗೆ ಹೋದರು.

ನೀವು ಬನ್ನಿ. ಮನೆಗೆ ನಾಲ್ಕು ಜನರ ತನಕ ಬರಬಹುದೆಂದು ಸರ್ಕಾರ ಹೇಳಿದೆ, ನಿಮಗೆ ಜಾಗವಿದೆ. ಇವರಿಗೆ ನಾನು ಹೇಳಿದ್ದೇನೆ, ಬಾಗಿಲು ತೆಗೆಯುತ್ತಾರೆ. ಆ ಚಕ್ರಗಳನ್ನು ನಿಮ್ಮ ಕೈಯಾರೆ ಹಾಕಿ. ಆಮೇಲೆ ಆ ಮುದುಕರು ಹೇಳಿದ್ದನ್ನು ಅವಳಿಗೆ ಪೂರ್ತಿ ಕನ್ನಡದಲ್ಲಿ ಹೇಳಿ. ಮೊಟ್ಟೆಯ ಪಾಠವನ್ನೂ ಹೇಳಿ, ಅದು ಚೆನ್ನಾಗಿತ್ತು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಒಂದು ಮಾತೂ ಬಿಟ್ಟುಹೋಗಬಾರದು.

ನನ್ನ ಸೈಕಲ್ಲಿನ ಗಾಳಿ ಪೂರ್ತಿ ಇಳಿದಿದೆ. ಅದನ್ನೂ ಅವಳಿಗೇ ಕೊಡುತ್ತಿದ್ದೇನೆ, ಅವಳಿಗೆ ಹೊಡೆಯಲು ಬರುವುದಿಲ್ಲವಂತೆ. ಕಾರಿನ ಕೆಲಸ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಕ್ಯಾರಿಯರ್ ಹಿಡಿದು ನೀವೇ ಕಲಿಸಿಕೊಡಿ. ಅವತ್ತು ನೀವು ಹಿಡಿದಿದ್ದೇನೆ ಎಂದು ಕೂಗಿದ್ದು ಸುಳ್ಳೆಂದು ನನಗೆ ಅರ್ಧ ದಾರಿಯಲ್ಲೇ ಗೊತ್ತಾಗಿತ್ತು. ಆ ಸುಳ್ಳಿಗೆ ನಾನು ಎಷ್ಟು ಖುಷಿಪಟ್ಟಿದ್ದೆ ಎಂದರೆ, ನಿಮ್ಮ ಸುಳ್ಳುಗಳೆಲ್ಲ ಅದೇ ಜಾತಿಯವು ಅಂದುಕೊಂಡುಬಿಟ್ಟೆ.

ಅವಳ ಹಿಂದೆ ಓಡುವಾಗ ಕೈ ಬಿಟ್ಟರೆ, ಬಿಟ್ಟೆ ಅಂತ ಹೇಳಿ.

ಊರ್ಮಿಳಾ